ಕಾಲುವೆಯ ಮೇಲೊಂದು ಮನೆ: ಮೊದಲ ಬೋಟ್, ಜೊತೆಗೊಂದು ಲ್ಯಾಬ್ರಡಾರ್

ಪ್ರಶ್ನೆ: ನಮಸ್ಕಾರ ಸರ್. ನಾನು ಶಿವಮೊಗ್ಗದವಳು. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಕೆಲಸ. ವಾರಕ್ಕೆ ಎರಡು ದಿನ ಆಫೀಸು, ಉಳಿದ ದಿನ ಮನೆಯಿಂದಲೇ. ಜೊತೆಗಿರುವುದು ಆರು ವರ್ಷದ ಲ್ಯಾಬ್ರಡಾರ್ ಚಿನ್ನು, ತೂಕ 30 ಕೆಜಿ. ಬಾಡಿಗೆ ಕಟ್ಟಿ ಸಾಕಾಗಿದೆ. ಅದರ ಮೇಲೆ ನಾಯಿ ಇದೆ ಅಂದ ಕೂಡಲೇ ಮನೆ ಮಾಲೀಕರು ಮುಖ ತಿರುಗಿಸುತ್ತಾರೆ. ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಬೋಟ್ ಕೊಂಡು ಅದರಲ್ಲೇ ಇರೋಣ ಅಂತ ಆಸೆ. ಕೈಯಲ್ಲಿ 65 ಸಾವಿರ ಪೌಂಡ್ ಇದೆ. ಎರಡು ಬೋಟ್ ನೋಡಿಟ್ಟಿದ್ದೇನೆ, ಎರಡೂ ಫೋಟೋದಲ್ಲಷ್ಟೇ. ಒಂದು 60 ಅಡಿ ಉದ್ದ, 12 ಅಡಿ ಅಗಲದ ವೈಡ್‌ಬೀಮ್, ಅಡುಗೆಮನೆ ಹೊಸದು. ಇನ್ನೊಂದು 1997ರ ನ್ಯಾರೋಬೋಟ್, ಅಂದರೆ ಕಿರಿದಾದ ಬೋಟ್, ಉದ್ದ 57 ಅಡಿ, ಹಿಂಭಾಗ ಟ್ರ್ಯಾಡ್ ಮಾದರಿ, ಈಗಷ್ಟೇ ಬಣ್ಣ ಹೊಡೆಸಿದ್ದಾರೆ. ನನಗೆ ಬೋಟ್ ಓಡಿಸಿ ಗೊತ್ತಿಲ್ಲ. ಯಾವುದು ಕೊಳ್ಳಲಿ?

ಉತ್ತರ: ಬೋಟ್ ಯಾವುದು ಅನ್ನುವುದು ಎರಡನೇ ಮಾತು. ಮೊದಲು ಹೇಳಿ, ಅದನ್ನು ಎಲ್ಲಿ ಕಟ್ಟುತ್ತೀರಿ?

ಹೊಸಬರು ಬೋಟ್ ಕೊಂಡ ಮೇಲೆ ಜಾಗ ಹುಡುಕಲು ಹೊರಡುತ್ತಾರೆ. ಅದು ಉಲ್ಟಾ ಆಗಬೇಕು. ಬೋಟ್ ಕಟ್ಟುವ ಜಾಗಕ್ಕೆ ಮೂರಿಂಗ್ ಅನ್ನುತ್ತಾರೆ. ಮರೀನಾಗಳಲ್ಲಿ, ಅಂದರೆ ಬೋಟ್ ನಿಲ್ದಾಣಗಳಲ್ಲಿ, ಬಹಳಷ್ಟು ಜಾಗ ಲೀಶರ್ ಮೂರಿಂಗ್. ಅಲ್ಲಿ ಬೋಟ್ ನಿಲ್ಲಿಸಬಹುದು, ವಾರಾಂತ್ಯಕ್ಕೆ ಬಂದುಹೋಗಬಹುದು, ಆದರೆ ಅದನ್ನೇ ಮನೆ ಮಾಡಿಕೊಳ್ಳುವಂತಿಲ್ಲ. ವರ್ಷಪೂರ್ತಿ ವಾಸಕ್ಕೆ ಒಪ್ಪಿಗೆ ಇರುವ ರೆಸಿಡೆನ್ಶಿಯಲ್ ಮೂರಿಂಗ್‌ಗಳು ಕಡಿಮೆ, ಅವಕ್ಕೆ ಕಾಯುವವರು ಜಾಸ್ತಿ. ನಾಯಿಗೆ ಒಪ್ಪಿಗೆ ಇದೆಯಾ ಅಂತ ಮೊದಲೇ ಕೇಳಿ. ಬಾಯಿಮಾತು ಸಾಲದು, ಕರಾರಿನಲ್ಲಿ ಬರೆದಿರಬೇಕು.

ಜಾಗವೇ ಬೇಡ, ಅಲೆದಾಡಿಕೊಂಡು ಇರುತ್ತೇನೆ ಅಂದರೆ ಅದಕ್ಕೂ ದಾರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಖಾಯಂ ಮೂರಿಂಗ್ ಇಲ್ಲದವರಿಗೂ ಅದು ಲೈಸೆನ್ಸ್ ಕೊಡುತ್ತದೆ. ಆದರೆ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಷರತ್ತು ಅನ್ವಯಿಸುತ್ತದೆ: ಬೋಟ್ ನಿಜವಾಗಿ ಸಂಚರಿಸುತ್ತಿರಬೇಕು, ಸಕಾರಣ ಇಲ್ಲದೆ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ. ಎರಡು ಸೇತುವೆಗಳ ನಡುವೆ ಹಿಂದೆ ಮುಂದೆ ಓಡಾಡಿಸಿದರೆ ಒಪ್ಪುವುದಿಲ್ಲ. 2024ರ ಏಪ್ರಿಲ್‌ನಿಂದ ಖಾಯಂ ಮೂರಿಂಗ್ ಇಲ್ಲದವರ ಲೈಸೆನ್ಸ್ ಮೇಲೆ ಹೆಚ್ಚುವರಿ ಶುಲ್ಕವೂ ಬಿದ್ದಿದೆ. ವಾರಕ್ಕೆರಡು ದಿನ ಆಫೀಸು, ಬೋಟಿನ ಅನುಭವ ಸೊನ್ನೆ, ನೀವು ಹೋದಾಗ ಚಿನ್ನು ಒಬ್ಬನೇ. ಮೊದಲ ವರ್ಷ ಇದು ನಿಮಗೆ ಬೇಡವೇ ಬೇಡ. ವೀಸಾ, ಬ್ಯಾಂಕ್, ಡಾಕ್ಟರು ಎಲ್ಲರಿಗೂ ಒಂದು ವಿಳಾಸ ಬೇಕು, ಅಲ್ವಾ? ರೆಸಿಡೆನ್ಶಿಯಲ್ ಮೂರಿಂಗ್ ಸಿಕ್ಕರೆ ಮಾತ್ರ ಮುಂದುವರಿಯಿರಿ. ಸಿಗುವವರೆಗೆ ಬಾಡಿಗೆ ಮನೆಯೇ ವಾಸಿ.

ಈಗ ನಿಮ್ಮ ಎರಡು ಬೋಟ್‌ಗಳ ವಿಷಯ.

ವೈಡ್‌ಬೀಮ್ ಬಿಟ್ಟುಬಿಡಿ. ಒಳಗೆ ಜಾಗ ಜಾಸ್ತಿ, ಒಪ್ಪುತ್ತೇನೆ. ಆದರೆ ಇಲ್ಲಿನ ಅನೇಕ ಕಾಲುವೆಗಳ ಲಾಕ್, ಅಂದರೆ ನೀರು ಏರಿಸಿ ಇಳಿಸಿ ಬೋಟ್ ದಾಟಿಸುವ ಗೇಟಿನ ತೊಟ್ಟಿ, ಬರೀ ಏಳು ಅಡಿ ಅಗಲ. ನ್ಯಾರೋಬೋಟ್ 6 ಅಡಿ 10 ಇಂಚು ಇರುವುದು ಅದಕ್ಕೇ. ಗ್ರ್ಯಾಂಡ್ ಯೂನಿಯನ್‌ನಲ್ಲಿ ಮಿಲ್ಟನ್ ಕೀನ್ಸ್‌ನಿಂದ ಲಂಡನ್ ಕಡೆಗೆ ಅಗಲದ ಲಾಕ್‌ಗಳಿವೆ, ಸರಿ. ಆಕ್ಸ್‌ಫರ್ಡ್ ಕಾಲುವೆಗೆ ಹೊರಳಿದರೆ ಹಿಲ್‌ಮಾರ್ಟನ್‌ನ ಕಿರಿದಾದ ಲಾಕ್‌ನಲ್ಲೇ ನಿಂತಿರಿ. ಲೆಸ್ಟರ್ ಕಡೆ ಹೋದರೆ ವಾಟ್‌ಫರ್ಡ್ ಲಾಕ್ ಸಾಲಿನಲ್ಲಿ ಸಿಕ್ಕಿಕೊಂಡಿರಿ. ಲೈಸೆನ್ಸೂ ದುಬಾರಿ, ಮೂರಿಂಗೂ ದುಬಾರಿ, ಗಾಳಿ ಬೀಸಿದಾಗ ಒಬ್ಬರೇ ಹಿಡಿದು ನಿಲ್ಲಿಸುವುದು ಇನ್ನೂ ಕಷ್ಟ. ಅಷ್ಟು ದೊಡ್ಡ ಬೋಟ್ ನಿಮ್ಮ ಬಜೆಟ್ಟಿಗೆ ಸಿಗುತ್ತಿದೆ ಅಂದರೆ ಹೊಸ ಅಡುಗೆಮನೆಯ ಕೆಳಗೆ ಏನಿದೆ ಅನ್ನುವ ಅನುಮಾನ ನನಗೆ.

57 ಅಡಿಯ ನ್ಯಾರೋಬೋಟಿನ ಉದ್ದ ಒಳ್ಳೆಯದು. ಉತ್ತರದ ಕೆಲವು ಕಾಲುವೆಗಳಲ್ಲಿ ಲಾಕ್‌ನ ಉದ್ದ ಕಡಿಮೆ. 57 ಅಡಿಯದ್ದಾದರೆ ಬಹುತೇಕ ಎಲ್ಲ ಕಡೆ ಹೋಗಿಬರುತ್ತದೆ. ಆದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಜಾತ್ರೆಗೆ ತಂದ ಎತ್ತಿನ ಕೊಂಬಿಗೆ ಎಷ್ಟೇ ಬಣ್ಣ ಹಚ್ಚಿದ್ದರೂ ನಮ್ಮೂರ ರೈತರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಇಲ್ಲೂ ಹಾಗೆ. ಬೋಟಿನ ಹಲ್ಲು ಅಂದರೆ ನೀರಿನೊಳಗಿರುವ ಉಕ್ಕು. ಆ ಕಾಲದ ಬೋಟ್‌ಗಳಲ್ಲಿ ಸಾಮಾನ್ಯವಾಗಿ ತಳ 10 ಮಿಲಿಮೀಟರ್, ಪಕ್ಕದ ಗೋಡೆ 6, ಮೇಲಿನ ಕ್ಯಾಬಿನ್ 4. ತುಕ್ಕು ತಿಂದು ತಿಂದು ತಳ, ಪಕ್ಕ ತೆಳುವಾಗುತ್ತವೆ. 4 ಮಿಲಿಮೀಟರಿಗಿಂತ ಇಳಿದರೆ ಎಷ್ಟೋ ವಿಮಾ ಕಂಪನಿಗಳು ತಕರಾರು ತೆಗೆಯುತ್ತವೆ. ಆಮೇಲೆ ಮೇಲಿಂದ ಹೊಸ ಉಕ್ಕು ಹೊದಿಸಿ ವೆಲ್ಡ್ ಮಾಡಬೇಕು, ಅದಕ್ಕೆ ಸಾವಿರಾರು ಪೌಂಡ್.

ಆದ್ದರಿಂದ ಬೋಟನ್ನು ನೀರಿನಿಂದ ಎತ್ತಿಸಿ ಸರ್ವೆ ಮಾಡಿಸಿ. ಸರ್ವೇಯರ್ ಅಲ್ಟ್ರಾಸೌಂಡ್ ಮೀಟರ್ ಹಿಡಿದು ಅಡಿಅಡಿಗೂ ದಪ್ಪ ಅಳೆಯುತ್ತಾರೆ. ಸರ್ವೇಯರ್ ಆಯ್ಕೆ ನಿಮ್ಮದೇ ಆಗಿರಲಿ, ಮಾರುವವರು ಸೂಚಿಸಿದವರು ಬೇಡ. ಖರ್ಚು ಕೆಲವು ನೂರು ಪೌಂಡ್. ಇದನ್ನು ಉಳಿಸಲು ಹೋಗಬೇಡಿ. ತಳಕ್ಕೆ ಕಪ್ಪು ಬಿಟುಮೆನ್ ಬಳಿಸುವ ಕೆಲಸ ಎರಡು ಮೂರು ವರ್ಷಕ್ಕೊಮ್ಮೆ ಇದ್ದೇ ಇರುತ್ತದೆ. ಕಳೆದ ಸಲ ಯಾವಾಗ ಆಯಿತು, ರಸೀದಿ ಎಲ್ಲಿ ಅಂತ ಕೇಳಿ. ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ಬೋಟ್ ಸೇಫ್ಟಿ ಪರೀಕ್ಷೆಯ ಸರ್ಟಿಫಿಕೇಟ್ ಕೂಡ ನೋಡಿ. ಆದರೆ ಅದು ಗ್ಯಾಸು, ಬೆಂಕಿ, ವೈರಿಂಗ್ ಬಗ್ಗೆ. ಉಕ್ಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಇದು ಗೊತ್ತಿಲ್ಲದೆ ಸರ್ಟಿಫಿಕೇಟ್ ಇದೆಯಲ್ಲ ಅಂತ ನೆಮ್ಮದಿಯಾಗಿ ಕೊಂಡವರಿದ್ದಾರೆ.

ಸರ್ವೆಗೂ ಮುಂಚೆ ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕ್ಯಾಬಿನ್ ಒಳಗೆ, ಹಿಂಬದಿ ಮೆಟ್ಟಿಲ ಹತ್ತಿರ, ನೆಲದಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಕೆಲವೊಮ್ಮೆ ಕಾರ್ಪೆಟ್ ಅಡಿಯಲ್ಲಿ ಅಡಗಿರುತ್ತದೆ. ಅದನ್ನು ಎತ್ತಿಸಿ, ಟಾರ್ಚ್ ಬಿಟ್ಟು, ಕೈ ಇಳಿಸಿ, ಟಿಶ್ಯೂ ಪೇಪರ್ ಒತ್ತಿ ನೋಡಿ. ಕ್ಯಾಬಿನ್ ಅಡಿಯ ನೀರು ಹರಿದು ಬಂದು ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ. ಕಾಗದ ಒಣಗಿದ್ದರೆ ಒಳ್ಳೆಯ ಸೂಚನೆ. ನೆಂದರೆ ಕಿಟಕಿ ಸೋರುತ್ತಿದೆಯೋ, ಶವರ್ ಪೈಪೋ, ಅಥವಾ ತಳವೋ ಅಂತ ಹುಡುಕಬೇಕು. ಮುಚ್ಚಳವೇ ಇಲ್ಲ ಅಥವಾ ತೆಗೆಯಲು ಆಗಲ್ಲ ಅಂದರೆ ಬೇರೆ ಬೋಟ್ ನೋಡಿ.

ಇನ್ನು ಚಿನ್ನು. ಬೋಟ್ ನೋಡಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಇದು ತಮಾಷೆಯಲ್ಲ. ನ್ಯಾರೋಬೋಟಿನ ನೆಲ ಹೊರಗಿನ ಡೆಕ್‌ಗಿಂತ ಸಾಕಷ್ಟು ಕೆಳಗಿರುತ್ತದೆ. ಒಳಗಿಳಿಯಲು ಎರಡು ಮೂರು ಕಡಿದಾದ ಮೆಟ್ಟಿಲು, ಪಾಲಿಶ್ ಹಾಕಿದ ಮರ, ಹಿಂದೆ ತೆರೆದ ಜಾಗ. ಮನುಷ್ಯರು ತಿರುಗಿ, ಕೈ ಊರಿ ಇಳಿಯುತ್ತಾರೆ. ನಾಯಿ ಮೂತಿ ಮುಂದೆ ಮಾಡಿ ಇಳಿಯುತ್ತದೆ, ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ, ಉಗುರು ಜಾರುತ್ತದೆ. ಲ್ಯಾಬ್ರಡಾರ್‌ಗಳಿಗೆ ವಯಸ್ಸಾದಂತೆ ಸೊಂಟದ ಕೀಲಿನ ತೊಂದರೆ ಬರುವುದು ಹೊಸದಲ್ಲ. ಇನ್ನು ಮೂರು ನಾಲ್ಕು ವರ್ಷಕ್ಕೆ, ಜನವರಿಯ ಬೆಳಗಿನ ಜಾವ, ಮಳೆಯಲ್ಲಿ, ಅವನಿಗೆ ಒಂದಕ್ಕೆ ಅರ್ಜೆಂಟಾದಾಗ 30 ಕೆಜಿ ಎತ್ತಿ ಹೊರಗಿಡುವವರು ನೀವೇ. ಆ ಚಿತ್ರ ಕಣ್ಮುಂದೆ ಇಟ್ಟುಕೊಂಡು ಮೆಟ್ಟಿಲು ನೋಡಿ. ಮೆಟ್ಟಿಲು ಬದಲಿಸಿ ಇಳಿಜಾರು ಕಡಿಮೆ ಮಾಡಬಹುದು, ಅಗಲದ ಹಲಗೆ ಹಾಕಿ ರಬ್ಬರ್ ಅಂಟಿಸಬಹುದು. ಅದಕ್ಕೆ ಒಳಗೆ ಉದ್ದದ ಜಾಗ ಬೇಕು. ಇದೆಯಾ ಅಂತ ಟೇಪ್ ಹಿಡಿದು ಅಳೆಯಿರಿ.

ಹಿಂಭಾಗದ ಮಾದರಿಯೂ ಮುಖ್ಯ. ಟ್ರ್ಯಾಡ್‌ನಲ್ಲಿ ಹಿಂದಿನ ಡೆಕ್ ತೀರಾ ಚಿಕ್ಕದು, ನಿಂತು ಚುಕ್ಕಾಣಿ ಹಿಡಿಯಲಿಕ್ಕಷ್ಟೇ. ಬೋಟ್ ಓಡುವಾಗ ಚಿನ್ನುಗೆ ನಿಮ್ಮ ಪಕ್ಕ ಜಾಗ ಇಲ್ಲ. ಅವನು ಅಲ್ಲೇ ನುಸುಳಿ ನಿಂತರೆ ಚುಕ್ಕಾಣಿಯ ಹಿಡಿ ತಾಗಿ ನೀರಿಗೆ ಬೀಳುತ್ತಾನೆ. ಕೆಳಗೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಕ್ರೂಸರ್ ಮಾದರಿಯ ಡೆಕ್ ಅಗಲ, ಬೇಸಿಗೆಗೆ ಹೇಳಿ ಮಾಡಿಸಿದ್ದು, ಆದರೆ ಪೂರ್ತಿ ತೆರೆದದ್ದು. ಕಂಬಿಯ ಸಂದಿಯಲ್ಲಿ ನಾಯಿ ಸುಲಭವಾಗಿ ದಾಟುತ್ತದೆ. ನಾಯಿ ಇರುವವರಿಗೆ ನಾನು ಹೇಳುವುದು ಸೆಮಿ-ಟ್ರ್ಯಾಡ್. ಎರಡೂ ಪಕ್ಕ ಉಕ್ಕಿನ ಗೋಡೆ, ಮೇಲೆ ಆಕಾಶ, ನಿಮ್ಮ ಮುಂದೆ ಚಿನ್ನು ಕೂರಲು ಬೇಕಾದಷ್ಟು ನೆಲ. ಅವನಿಗೆ ನೀವು ಕಾಣಿಸುತ್ತಿದ್ದರೆ ಸುಮ್ನೆ ಮಲಗುತ್ತಾನೆ.

ಮುಂಭಾಗದ ತಗ್ಗು ಡೆಕ್ಕಿಗೆ ಟಾರ್ಪಾಲಿನ್ ಹೊದಿಕೆ ಇದ್ದರೆ ಬಹಳ ಅನುಕೂಲ. ಕಾಲುವೆ ಅಂಚಿನ ದಾರಿ ಚಳಿಗಾಲದಲ್ಲಿ ಕೆಸರೋ ಕೆಸರು. ನಾಯಿಯನ್ನು ಅಲ್ಲಿ ನಿಲ್ಲಿಸಿ, ಕಾಲು ಒರೆಸಿ, ಮೈ ಒಣಗಿಸಿ ಒಳಗೆ ಬಿಡಬಹುದು. ಇಲ್ಲದಿದ್ದರೆ ನಿಮ್ಮ ಸೋಫಾವೇ ಟವೆಲ್.

ಬೇಸಿಗೆಯಲ್ಲಿ ಎಚ್ಚರ. ಬಿಸಿಲಲ್ಲಿ ನಿಂತ ಉಕ್ಕಿನ ಬೋಟ್ ಒಳಗೆ ಬೇಗ ಕಾಯುತ್ತದೆ. ನೀವು ಆಫೀಸಿಗೆ ಹೋದ ದಿನ ಕಿಟಕಿ ತೆರೆದಿಟ್ಟರೂ ಸಾಲದು. ಮರದ ನೆರಳಲ್ಲಿ ಕಟ್ಟಿದರೆ ನಾಯಿಗೆ ತಂಪು, ಸೋಲಾರ್ ಪ್ಯಾನೆಲ್‌ಗೆ ಬಿಸಿಲಿಲ್ಲ. ಎರಡರಲ್ಲಿ ನಾಯಿಯನ್ನೇ ಆರಿಸಿ, ಮರೀನಾದಲ್ಲಿ ಕರೆಂಟ್ ಪ್ಲಗ್ ಇರುತ್ತದಲ್ಲ. ಹಾಗಿದ್ದೂ ಸೆಖೆ ದಿನಗಳಿಗೆ ಚಿನ್ನುವನ್ನು ನೋಡಿಕೊಳ್ಳುವವರನ್ನು ಈಗಲೇ ಹುಡುಕಿಡಿ. ಚಳಿಗಾಲಕ್ಕೆ ಸೌದೆ, ಹೊಗೆರಹಿತ ಕಲ್ಲಿದ್ದಲು ಎರಡೂ ಉರಿಸುವ ಒಲೆ ಇರುತ್ತದೆ. ಅದಕ್ಕೊಂದು ಗಾರ್ಡ್ ಹಾಕಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ 2019ರ ಏಪ್ರಿಲ್‌ನಿಂದ ಬೋಟ್ ಸೇಫ್ಟಿ ಪರೀಕ್ಷೆಗೆ ಕಡ್ಡಾಯ. ಪರೀಕ್ಷೆಗಾಗಿ ಅಲ್ಲ, ನಿಮಗಾಗಿ ವಾರಕ್ಕೊಮ್ಮೆ ಬಟನ್ ಒತ್ತಿ ನೋಡಿ.

ಇಲಿಯಿಂದ ನೀರಿಗೆ ಸೇರುವ ಲೆಪ್ಟೊಸ್ಪೈರೋಸಿಸ್, ನಮ್ಮ ಕಡೆ ಇಲಿ ಜ್ವರ ಅನ್ನುತ್ತೇವಲ್ಲ, ಅದಕ್ಕೆ ಚಿನ್ನುಗೆ ಪ್ರತಿವರ್ಷ ಲಸಿಕೆ ಹಾಕಿಸಿ. ಬೇಸಿಗೆಯಲ್ಲಿ ನೀರಿನ ಮೇಲೆ ನೀಲಿ-ಹಸಿರು ಪಾಚಿ ಕಂಡರೆ ಈಜಲು ಬಿಡಲೇಬೇಡಿ, ಅದು ನಾಯಿಯ ಜೀವ ತೆಗೆಯಬಲ್ಲದು. ಬೆನ್ನ ಮೇಲೆ ಹಿಡಿ ಇರುವ ಲೈಫ್ ಜಾಕೆಟ್ ತನ್ನಿ. ಲ್ಯಾಬ್ರಡಾರ್ ಚೆನ್ನಾಗಿ ಈಜುತ್ತೆ ಅಂತೀರಿ. ಈಜುತ್ತೆ, ಆದರೆ ಉಕ್ಕಿನ ನೇರ ಅಂಚು ಹತ್ತಲು ಅದಕ್ಕಾಗದು. ಆ ಹಿಡಿ ಇರುವುದು ಮೇಲೆತ್ತಲು.

ಹಾಗಾದರೆ ಏನು ಮಾಡಲಿ ಅಂದರೆ, ಮೊದಲು ರೆಸಿಡೆನ್ಶಿಯಲ್ ಮೂರಿಂಗ್ ಪಟ್ಟಿಗೆ ಹೆಸರು ಕೊಡಿ. ಅಷ್ಟರೊಳಗೆ ನಾಯಿಗೆ ಒಪ್ಪುವ ಕಂಪನಿಯಿಂದ ಒಂದು ವಾರ ಬೋಟ್ ಬಾಡಿಗೆಗೆ ತೆಗೆದುಕೊಳ್ಳಿ. ಜುಲೈನಲ್ಲಿ ಅಲ್ಲ. ಜುಲೈನಲ್ಲಿ ಯಾರಿಗೆ ಬೇಕಾದರೂ ಬೋಟ್ ಇಷ್ಟವಾಗುತ್ತದೆ. ಮಾರ್ಚ್‌ನಲ್ಲೋ ಅಕ್ಟೋಬರ್ ಕೊನೆಗೋ ಹೋಗಿ. ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಸಂಸ್ಥೆಯ ಒಳನಾಡು ಜಲಮಾರ್ಗದ ಹೆಲ್ಮ್ಸ್‌ಮನ್, ಅಂದರೆ ಬೋಟ್ ನಡೆಸುವ, ಕೋರ್ಸ್ ಒಂದೆರಡು ದಿನದ್ದು, ಅದನ್ನೂ ಮಾಡಿ. ಆಮೇಲೆ 50ರಿಂದ 57 ಅಡಿಯ, ಸೆಮಿ-ಟ್ರ್ಯಾಡ್, ಒಳಗೆ ಹಳೆಯದಾಗಿ ಕಂಡರೂ ತಳ ಗಟ್ಟಿ ಇರುವ ಬೋಟ್ ಹುಡುಕಿ. ಪೂರ್ತಿ 65 ಸಾವಿರ ಬೋಟಿಗೇ ಸುರಿಯಬೇಡಿ. ಹತ್ತು ಸಾವಿರವಾದರೂ ಪಕ್ಕಕ್ಕಿರಲಿ. ಬ್ಯಾಟರಿ, ಒಲೆ, ತಳದ ಕೆಲಸ, ಲೈಸೆನ್ಸ್, ಮೂರಿಂಗ್ ಮುಂಗಡ ಎಲ್ಲ ಒಟ್ಟಿಗೇ ಬರುತ್ತವೆ.

ಪ್ರಶ್ನೆ: ಲಾಕ್ ದಾಟುವಾಗ ನಾಯಿಯನ್ನು ಏನು ಮಾಡಬೇಕು? ಒಬ್ಬರೇ ಇದ್ದರೆ? (ಲೀಡ್ಸ್‌ನಿಂದ ಒಬ್ಬ ಓದುಗರು)

ಉತ್ತರ: ಬೋಟ್ ಒಳಗೆ ಬಿಟ್ಟು, ಪಕ್ಕದ ಕಿಟಕಿ ಬಾಗಿಲು ಸೇರಿಸಿ ಎಲ್ಲ ಮುಚ್ಚಿ. ನೀವು ಗೇಟಿನ ಹತ್ತಿರ ಹೋದ ತಕ್ಷಣ ನಾಯಿ ನಿಮ್ಮ ಹಿಂದೆ ಹಾರಲು ನೋಡುತ್ತದೆ. ಲಾಕ್ ಗೋಡೆಗೂ ಬೋಟಿಗೂ ನಡುವಿನ ಸಂದಿ ಅದಕ್ಕೆ ಅಪಾಯ. ಒಳಗೆ ಇರಲೊಲ್ಲದ ನಾಯಿಯನ್ನು ದಡದಲ್ಲಿ ಅಂಚಿನಿಂದ ದೂರ ಬೇಲಿಗೋ ಮರಕ್ಕೋ ಕಟ್ಟಿ. ಬೋಟ್ ಕಟ್ಟುವ ಗೂಟಕ್ಕೆ ಕಟ್ಟಬೇಡಿ, ಅಲ್ಲಿ ಹಗ್ಗ ಓಡಾಡುತ್ತದೆ. ಕೆಳಗಿಳಿಯುವ ಲಾಕ್‌ನಲ್ಲಿ ನಾಯಿ ಬೊಗಳಿತು ಅಂತ ಗಮನ ಆ ಕಡೆ ಹೋಗಬಾರದು. ಮೇಲಿನ ಗೇಟಿನ ಬುಡದಲ್ಲಿ ಕಾಂಕ್ರೀಟ್ ಕಟ್ಟೆ ಇರುತ್ತದೆ, ಗೋಡೆಯ ಮೇಲೆ ಅದಕ್ಕೆ ಬಿಳಿ ಗುರುತು. ಬೋಟಿನ ಹಿಂಭಾಗ ಆ ಗುರುತಿಗಿಂತ ಹಿಂದೆ ಉಳಿದರೆ, ನೀರು ಇಳಿಯುತ್ತಿದ್ದಂತೆ ಕಟ್ಟೆಗೆ ಸಿಕ್ಕಿ ಬೋಟ್ ಮುಗ್ಗರಿಸಿ ಮುಳುಗುತ್ತದೆ.

ಪ್ರಶ್ನೆ: ಇದಕ್ಕೆ ಹೋಮ್ ಲೋನ್ ಸಿಗುತ್ತಾ? ಮನೆಯ ಹಾಗೆ ರಿಜಿಸ್ಟ್ರೇಷನ್ ಇರುತ್ತಾ? (ಬರ್ಮಿಂಗ್‌ಹ್ಯಾಮ್)

ಉತ್ತರ: ಹೋಮ್ ಲೋನ್ ಇಲ್ಲ. ಬೋಟಿಗೇ ಕೊಡುವ ಸಾಲ ಇದೆ, ಬಡ್ಡಿ ಜಾಸ್ತಿ, ಕೊಡುವವರು ಕಡಿಮೆ. ಬಹಳ ಜನ ಉಳಿತಾಯದ ದುಡ್ಡಲ್ಲೇ ಕೊಳ್ಳುತ್ತಾರೆ. ಮನೆಗೆ ಇರುವಂಥ ಕಡ್ಡಾಯ ಹಕ್ಕುದಾಖಲೆ ಬೋಟಿಗೆ ಇಲ್ಲ. ಬೋಟಿನ ಮೇಲಿರುವ ನಂಬರು, ಟ್ರಸ್ಟಿನ ಲೈಸೆನ್ಸು ಮಾಲೀಕತ್ವಕ್ಕೆ ಪುರಾವೆ ಅಲ್ಲ. ಹಿಂದಿನ ಮಾರಾಟಗಳ ಪತ್ರಗಳನ್ನು ಸಾಲಾಗಿ ಕೇಳಿ, ಸಾಲ ಬಾಕಿ ಇಲ್ಲ ಅಂತ ಬರಹದಲ್ಲಿ ಪಡೆಯಿರಿ. ಮುಂಗಡ ಸಾಮಾನ್ಯವಾಗಿ ಶೇ 10. ಸರ್ವೆಯಲ್ಲಿ ದೊಡ್ಡ ದೋಷ ಕಂಡರೆ ಅದು ವಾಪಸ್ ಬರಬೇಕು ಅನ್ನುವ ಸಾಲು ಕರಾರಿನಲ್ಲಿ ಇದೆಯಾ ನೋಡಿ, ಇದ್ದರೆ ಮಾತ್ರ ಕೊಡಿ.