ಮೀನು ನಿಲ್ಲಿಸಲೋ, ಟ್ಯೂಷನ್ ನಿಲ್ಲಿಸಲೋ?

"ಕಾರವಾರದಲ್ಲಿ ಬಾಡಿಗೆ ಮನೆ, ನಾಲ್ಕು ಜನ. ಯಜಮಾನರ ಸಂಬಳ 32 ಸಾವಿರದಿಂದ 23 ಸಾವಿರಕ್ಕೆ ಇಳಿದಿದೆ. ಮೀನು ನಿಲ್ಲಿಸಲೋ, ಮಗನ ಟ್ಯೂಷನ್ ನಿಲ್ಲಿಸಲೋ ತಿಳಿಯುತ್ತಿಲ್ಲ" ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಇರಲಿ. ಮೊದಲು ಒಂದು ನೋಟ್‌ಬುಕ್ ಹಿಡಿಯಿರಿ, ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತುಕೊಳ್ಳಿ. ನಮ್ಮನ್ನು ದಡ ಸೇರಿಸಿದ್ದು ಕ್ಯಾಲೆಂಡರೇ. ಆದರೆ ಅದು ನನ್ನ ತಲೆಗೆ ಹತ್ತಲು ಎರಡು ವರ್ಷ ಹಿಡಿಯಿತು.

ನಾನು ಅಂಕೋಲಾ ಕಡೆಯವನು, ಹೆಂಡತಿ ಶಿರಸಿ ಕಡೆಯವಳು, ಮನೆ ಕಾರವಾರದಲ್ಲಿ. ಇಲ್ಲಿಯ ಬಹಳ ಜನರ ಹಾಗೆ ನಾನೂ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮಾಜಾಳಿ ಗಡಿ ಬಂದ್ ಆಯಿತು. ಎರಡು ತಿಂಗಳು ಅರ್ಧ ಸಂಬಳ ಬಂತು, ಮೂರನೇ ತಿಂಗಳು ಫೋನ್ ಎತ್ತುವವರೂ ಇರಲಿಲ್ಲ. ಈಗ ಇಲ್ಲೇ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲಿನ ಸಂಬಳದ ಮುಕ್ಕಾಲು ಭಾಗವೂ ಇಲ್ಲ, ಆದರೆ ಸಾಲ ತೀರಿದೆ.

ಶುರುವಿಗೆ ನಾವೂ ಎಲ್ಲರ ಹಾಗೇ ಮಾಡಿದೆವು. ಹಾಲು ಒಂದು ಲೀಟರಿನಿಂದ ಅರ್ಧಕ್ಕೆ, ಟಿವಿ ರಿಚಾರ್ಜ್ ಬಂದ್, ಬಿಸ್ಕಿಟ್ ಬಂದ್. ಮನೆಯಲ್ಲಿ ಎಲ್ಲರ ಮುಖ ಗಂಟು. ಇಷ್ಟೆಲ್ಲ ಮಾಡಿ ತಿಂಗಳಿಗೆ ಉಳಿದದ್ದು ಸಾವಿರ, ಸಾವಿರದ ನೂರು. ಮಳೆಗಾಲ ಶುರುವಾದ ಒಂದೇ ವಾರದಲ್ಲಿ ಅಷ್ಟೂ ಹೋಯಿತು.

ಆಗ ಹೆಂಡತಿ ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯಲು ಶುರು ಮಾಡಿದಳು. ಅವಳ ಲೆಕ್ಕ ಖಡಕ್: ತಾರ್ಲೆ ಮೀನು 60, ಕೊತ್ತಂಬರಿ 10, ಪೆನ್ಸಿಲ್ 5. ನನ್ನ ಖರ್ಚು ಕೇಳಿದಾಗ ಮಾತ್ರ ನಾನು "ಸುಮ್ನೆ ಒಂದು ನಲವತ್ತು" ಅನ್ನುತ್ತಿದ್ದೆ. ಅವಳು ಅದನ್ನೂ ಹಾಗೇ ಬರೆದಳು: "ಸುಮ್ನೆ, 40". ತಿಂಗಳ ಕೊನೆಗೆ ಕೂಡಿಸಿದರೆ ಸುಮ್ನೆ ಒಟ್ಟು 1,640. ಆ ತಿಂಗಳು ಮೀನಿಗೂ ಅಷ್ಟು ಆಗಿರಲಿಲ್ಲ. ಮರುದಿನದಿಂದ ನಾನು ಮನೆಯಲ್ಲೇ ಚಹಾ ಕುಡಿದು ಹೊರಡತೊಡಗಿದೆ. ಯಾರೂ ಹೇಳಬೇಕಾಗಲಿಲ್ಲ.

ಇನ್ನು ಕ್ಯಾಲೆಂಡರಿನ ವಿಷಯ. ಒಂದು ಪೂರ್ತಿ ವರ್ಷ ಬರೆದಾದ ಮೇಲೆ ಪುಟ ತಿರುಗಿಸಿ ನೋಡಿದರೆ, ನಮಗೆ ಪ್ರತಿ ತಿಂಗಳೂ ದುಡ್ಡು ಕಡಿಮೆ ಬೀಳುತ್ತಿರಲಿಲ್ಲ. ಮೂರು ತಿಂಗಳು ಮಾತ್ರ ಬೀಳುತ್ತಿತ್ತು, ಆ ಮೂರು ತಿಂಗಳ ಸಾಲವನ್ನು ಉಳಿದ ಒಂಬತ್ತು ತಿಂಗಳು ತೀರಿಸುತ್ತಿದ್ದೆವು. ಜೂನ್ ನೋಡಿ. ಶಾಲೆ ಫೀ, ಪಟ್ಟಿ-ಪುಸ್ತಕ, ಯೂನಿಫಾರ್ಮ್, ರೇನ್‌ಕೋಟು, ಚಪ್ಪಲಿ, ಹಿತ್ತಿಲ ಕಡೆ ಕಟ್ಟಲು ತಾಡಪತ್ರಿ, ಎಲ್ಲ ಒಟ್ಟಿಗೆ. ಅದೇ ಹೊತ್ತಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹಸಿ ಮೀನಿನ ದರ ಕೇಳಿದರೆ ಬುಟ್ಟಿ ಮುಟ್ಟಲು ಭಯ. ತರಕಾರಿ ಘಟ್ಟ ಹತ್ತಿಳಿದು ಬರಬೇಕು, ಮಳೆ ಜೋರಾದರೆ ಅದೂ ತುಟ್ಟಿ. ದೋಣಿ, ಪ್ರವಾಸಿಗರು, ಕಟ್ಟಡ ಕೆಲಸ ನಂಬಿದವರಿಗೆ ಇದೇ ತಿಂಗಳುಗಳಲ್ಲಿ ಕೆಲಸವೂ ಇಲ್ಲ. ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ ಚೌತಿ ಬಂತು. ನಮ್ಮ ಕಡೆ ಚೌತಿ ಎಂದರೆ ಗೊತ್ತಲ್ಲ, ಪಟಾಕಿಯ ದುಡ್ಡಿನಲ್ಲಿ ಒಂದು ತಿಂಗಳ ಕಿರಾಣಿ ಬರುತ್ತದೆ.

ಹಾಗಾಗಿ ತಿಂಗಳ ಬಜೆಟ್ ಎಂಬುದು ನಮ್ಮ ಕರಾವಳಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅನುಭವ. ವರ್ಷದ್ದೇ ಹಾಕಿ. ನಮ್ಮ ನೋಟ್‌ಬುಕ್ಕಿನಲ್ಲಿ ಎರಡು ವರ್ಷದ ಒಂದು ಪುಟವೂ ಇದೆ, ಏಕೆಂದರೆ ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ಹೋಗಿ ಬಳೆ ಇಟ್ಟುಕೊಳ್ಳದೆ ಬಂದರೆ ಅವಳ ತವರಿನಲ್ಲಿ ನನ್ನ ಬಗ್ಗೆ ಏನು ಮಾತಾಡುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಇದನ್ನು ನಾನೇನೋ ಕಂಡುಹಿಡಿದೆ ಅಂದುಕೊಂಡು ಆಯಿಗೆ, ಅಂದರೆ ಅಮ್ಮನಿಗೆ, ಹೇಳಿದರೆ ಅವಳು ನಕ್ಕುಬಿಟ್ಟಳು. "ಎಂತಾ ತಮಾ, ಜೂನ್ ತಿಂಗ್ಳಲ್ಲಿ ಯಾರಾದ್ರೂ ಹಸಿ ಮೀನ ತಗಳೂಕೆ ಹೋಗ್ತ್ರನಾ?" ಎಂದಳು. ಅವಳ ಮನೆಯಲ್ಲಿ ಏಪ್ರಿಲ್, ಮೇ ಎಂದರೆ ಮಳೆಗಾಲದ ತಯಾರಿ. ಒಣ ಶೆಟ್ಲಿ (ಸಿಗಡಿ), ಒಣ ಬಂಗಡೆ, ಹಲಸಿನ ಹಪ್ಪಳ, ಹುಳಿಗೆ ಹಾಕುವ ಮುರುಗಲ (ಕೋಕಂ) ಸಿಪ್ಪೆ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಮಿಡಿ, ಅಟ್ಟದ ಮೇಲೆ ಒಣ ಕಟ್ಟಿಗೆ. ನಮಗೆ ಸಂಬಳ ಬರತೊಡಗಿದ ಮೇಲೆ ಇದೆಲ್ಲ ಹಳ್ಳಿಯವರ ಕೆಲಸ ಅನಿಸಿತ್ತು.

ಆದ್ದರಿಂದ ಮೀನು ನಿಲ್ಲಿಸಬೇಡಿ, ಮೀನಿನ ಜಾತಿ ಮತ್ತು ತಿಂಗಳು ಬದಲಿಸಿ. ಇಸ್ವಣ, ಪಾಪ್ಲೇಟಿನಂಥ ದುಬಾರಿ ಮೀನು ನೆಂಟರು ಬಂದಾಗ ನೋಡಿದರಾಯಿತು. ತಾರ್ಲೆ, ಬಂಗಡೆ ರಾಶಿ ಬೀಳುವ ದಿನ ತನ್ನಿ. ಒಣ ಮೀನು ಮೇ ತಿಂಗಳಲ್ಲೇ ಕೊಂಡು, ಅಂಗಡಿಯವರು ಒಣಗಿದೆ ಅಂದರೂ ನಂಬದೆ, ಮನೆಯಲ್ಲಿ ಮತ್ತೊಂದು ದಿನ ಖಡಕ್ ಬಿಸಿಲಿಗೆ ಹಾಕಿ. ಆರಿದ ಮೇಲೆ ಡಬ್ಬಿಯ ತಳಕ್ಕೆ ಕಾಗದ ಹಾಕಿ ತುಂಬಿ, ಮುಚ್ಚಳ ಬಿಗಿಯಾಗಿರಲಿ. ಮೊದಲ ವರ್ಷ ಈ ಎರಡನೇ ಬಿಸಿಲು ತಪ್ಪಿಸಿದ್ದಕ್ಕೆ ನಮ್ಮ ಅರ್ಧ ಕಿಲೋ ಶೆಟ್ಲಿ ಬೂಸು ಹಿಡಿದು ತೆಂಗಿನ ಬುಡ ಸೇರಿತು. ಒಂದು ಮುಷ್ಟಿ ಒಣ ಶೆಟ್ಲಿ ಹುರಿದು, ಕಾಯಿತುರಿ, ಒಣಮೆಣಸು, ಸ್ವಲ್ಪ ಹುಳಿ, ಒಂದು ಈರುಳ್ಳಿ ಹಾಕಿ ಒರಟಾಗಿ ಬೀಸಿದರೆ ನಾಲ್ಕು ಜನರ ಗಂಜಿಗೆ ಸಾಕು. ಹೊರಗೆ ಮಳೆ ಹೊಯ್ಯುತ್ತಿರುವಾಗ ಅದರ ಮುಂದೆ ಬೇರೆ ಯಾವುದೂ ಬೇಡ ಅನಿಸುತ್ತದೆ, ಇದು ಬಡತನದ ಊಟ ಎಂದು ಮಕ್ಕಳಿಗೆ ಈವರೆಗೂ ಗೊತ್ತಿಲ್ಲ. ಮೀನಿಲ್ಲದ ದಿನ ಹೆಂಡತಿಯ ತಂಬುಳಿ. ಬಾವಿಕಟ್ಟೆ ಪಕ್ಕ ತಾನಾಗೇ ಹಬ್ಬಿದ ಒಂದೆಲಗ, ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಚೂರು ಕಾಯಿ ಬೀಸಿ ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಮಜ್ಜಿಗೆ ಬಿಟ್ಟು ಬೇರೆ ಖರ್ಚೇ ಇಲ್ಲ.

ತರಕಾರಿಗೆ ರವಿವಾರದ ಸಂತೆಗೆ ಸಂಜೆ ಹೋಗಿ, ಘಟ್ಟದ ಮೇಲಿನವರು ಗಂಟು ಕಟ್ಟುವ ಹೊತ್ತಿಗೆ. ಬೆಳಿಗ್ಗೆಯ ಟೊಮೆಟೊ ಬೇರೆ, ಸಂಜೆಯದು ಬೇರೆ, ಅದು ನಿಜ. ಆದರೆ ಸಾರಿಗೆ ಬೀಳುವ ಟೊಮೆಟೊ ನೋಡಲು ಚಂದ ಇರಬೇಕೆಂದೇನಿಲ್ಲವಲ್ಲ.

ಕರೆಂಟಿನ ವಿಷಯದಲ್ಲಿ ನಾನು ಮೋಸ ಹೋದದ್ದು ಗೀಸರಿನಿಂದ. ಗೃಹಜ್ಯೋತಿ ಇದೆ, ಉಚಿತ ಎಂದು ಆರಾಮಾಗಿದ್ದೆ. ಅದು ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ, ಸಾಮಾನ್ಯವಾಗಿ ಶೇ 10, ಸೇರಿಸಿ ನಮ್ಮ ಪಾಲು ನಿಗದಿಯಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಈಗ ಲೆಕ್ಕ ನೋಡಿ: ಗೀಸರ್ 2,000 ವ್ಯಾಟ್. ಅರ್ಧ ತಾಸು ಉರಿದರೆ ಒಂದು ಯೂನಿಟ್. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡಿ ದಿನಕ್ಕೆ ಒಂದು ತಾಸು ಹಾಕಿದರೆ ತಿಂಗಳಿಗೆ 60 ಯೂನಿಟ್ ಅದಕ್ಕೇ. 9 ವ್ಯಾಟಿನ ಎಲ್‌ಇಡಿ ಬಲ್ಬು ಆರಿಸು ಎಂದು ಮಕ್ಕಳಿಗೆ ಬೈಯುತ್ತ ಓಡಾಡುತ್ತಿದ್ದೆ. ಆ ಬಲ್ಬು ಒಂದು ಯೂನಿಟ್ ತಿನ್ನಲು ನೂರಾ ಹನ್ನೊಂದು ತಾಸು ಬೇಕು! ನಮ್ಮ ಮನೆ ಹಿಂದೆ ಹಳೇ ಬಚ್ಚಲು, ಹಂಡೆ ಇತ್ತು. ಮಾಲೀಕರನ್ನು ಕೇಳಿ ಅದನ್ನು ಚೊಕ್ಕ ಮಾಡಿಕೊಂಡೆವು. ತೆಂಗಿನ ಗರಿ, ಸಿಪ್ಪೆ, ಕರಟ ಎಲ್ಲ ಅಲ್ಲಿಗೆ. ನಿಮಗೆ ಬಚ್ಚಲೊಲೆ ಇಲ್ಲದಿದ್ದರೆ ಒಮ್ಮೆ ಕಾಯಿಸಿ, ಸ್ವಿಚ್ ಆರಿಸಿ, ನಾಲ್ವರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ. ಬಾಡಿಗೆಯವರೂ ಆ ಯೋಜನೆಗೆ ನೋಂದಾಯಿಸಬಹುದು, ಹಿಂದಿನ ಬಾಡಿಗೆ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡಿದ್ದೀರಾ ನೋಡಿ.

ಗ್ಯಾಸಿಗೆ ಒಂದೇ ಉಪಾಯ ಹೇಳುತ್ತೇನೆ, ಉಳಿದದ್ದು ನಿಮಗೇ ಗೊತ್ತಿರುತ್ತದೆ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಬುಟ್ಟಿಯಲ್ಲಿ ಕೂರಿಸಿ. ಒಂದೂವರೆ ತಾಸು ಬಿಟ್ಟು ಇನ್ನೊಂದು ಕುದಿ ಬರಿಸಿದರೆ ಅನ್ನ ಸಿದ್ಧ. 35 ದಿನ ಬರುತ್ತಿದ್ದ ಸಿಲಿಂಡರ್ ನಮಗೆ ಈಗ 50 ದಿನದ ಹತ್ತಿರ ಬರುತ್ತದೆ, ಅದರಲ್ಲಿ ಬಚ್ಚಲೊಲೆಯಲ್ಲಿ ಬೇಯಿಸುವ ಕೆಸುವಿನ ಗಡ್ಡೆಯ ಪಾಲೂ ಇದೆ.

ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ, ಅಂದರೆ ನಿಮಗೆ, ಟಿಕೆಟ್ ಖರ್ಚಿಲ್ಲ, 2023ರ ಜೂನ್‌ನಿಂದ. ಅಂಕೋಲಾ, ಕುಮಟಾ ಕಡೆಯ ಸಣ್ಣಪುಟ್ಟ ಕೆಲಸ ನೀವೇ ಮುಗಿಸಿ ಬನ್ನಿ, ಯಜಮಾನರು ಬೈಕ್ ತೆಗೆಯುವುದು ಬೇಡ. ಟಿಕೆಟ್ ಉಳಿಯಿತೆಂದು ನನ್ನ ಹೆಂಡತಿ ಕುಮಟಾದಿಂದ ಎರಡು ಕುಕ್ಕರ್ ತಂದದ್ದೂ ಇದೆ. ಹೋಗಲಿ.

ಔಷಧಿಗೆ ಜನೌಷಧಿ ಕೇಂದ್ರ. ಅಪ್ಪನ ಬಿಪಿ ಮಾತ್ರೆಯ ರಾಸಾಯನಿಕ ಹೆಸರು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ದೊಡ್ಡ ಕಾಯಿಲೆಯಾದರೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಬೇಕು, ಮನೆ ಮುರಿಯುವುದು ಅಲ್ಲೇ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಕಾರ್ಡು ಮಾಡಿಸಿಟ್ಟುಕೊಳ್ಳಿ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಇಲ್ಲದಿದ್ದರೆ ಯಾವುದಾದರೂ ಸಹಕಾರಿ ಸಂಘದಲ್ಲಿ ಸದಸ್ಯರಾಗಿದ್ದೀರಾ ನೋಡಿ, ಸಹಕಾರಿ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆ ಕೇಳಿ. ಜ್ವರ ಬಂದ ಮೇಲೆ ಇದಕ್ಕೆ ಓಡಾಡಿದರೆ ಪ್ರಯೋಜನವಿಲ್ಲ.

ಸಾಲದ ವಿಷಯದಲ್ಲಿ ನನ್ನ ತಪ್ಪು ಕೇಳಿ. 2020ರ ಆಗಸ್ಟ್‌ನಲ್ಲಿ ಹೆಂಡತಿಯ ಎರಡೆಳೆ ಸರ ಒಬ್ಬ ಫೈನಾನ್ಸಿನವನ ಹತ್ತಿರ ಇಟ್ಟೆ. "ನೂರಕ್ಕೆ ಎರಡೇ ರೂಪಾಯಿ ಸರ್" ಎಂದ. ಎರಡೇ ಅಲ್ಲವೇ ಎಂದು ನಾನೂ ತಲೆಯಾಡಿಸಿದೆ. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ ಶೇ 24, ಲೆಕ್ಕ ಬರೆಯುವವನಿಗೇ ಅಂದು ಇದು ಹೊಳೆಯಲಿಲ್ಲ. ಅದರ ಅರ್ಧ ಬಡ್ಡಿಗೆ ಸೊಸೈಟಿಯಲ್ಲಿ ಸಿಗುತ್ತಿತ್ತು. ಅಲ್ಲಿ ಪರಿಚಯದವರು ನೋಡುತ್ತಾರೆ ಎಂಬ ನಾಚಿಕೆಗೆ ಹೋಗಿರಲಿಲ್ಲ. ನಾಚಿಕೆಯ ಬೆಲೆ ಹದಿನಾಲ್ಕು ತಿಂಗಳು ಕಟ್ಟಿದೆ. ನಿಮ್ಮಲ್ಲಿ ಅಂಥ ಸಾಲವೇನಾದರೂ ಇದ್ದರೆ ಹಾಲು-ಮೀನು ಬಿಟ್ಟು ಮೊದಲು ಅದನ್ನು ಕಡಿಮೆ ಬಡ್ಡಿಯ ಕಡೆಗೆ ಸಾಗಿಸಿ.

ಮತ್ತೆ, ಜೂನ್‌ಗೆ ದುಡ್ಡು ಕೂಡಿಸುವುದು ಹೇಗೆ? ನಮ್ಮದು ಪಿಗ್ಮಿ, ಏಜೆಂಟ್ ದಿನವೂ ಬಾಗಿಲಿಗೆ ಬಂದು ಸಣ್ಣ ಮೊತ್ತ ತೆಗೆದುಕೊಂಡು ಹೋಗುವ ಠೇವಣಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಉಡುಪಿಯಲ್ಲಿ ಶುರು ಮಾಡಿದ್ದು, ಈಗ ಬಹಳ ಸೊಸೈಟಿಗಳಲ್ಲೂ ಇದೆ. ದಿನಕ್ಕೆ 50 ರೂಪಾಯಿ ಹಾಕಿದರೆ ವರ್ಷಕ್ಕೆ 18,250. ಬಡ್ಡಿ ಕಡಿಮೆ, ಮಧ್ಯೆ ಮುರಿದರೆ ಅದೂ ಇಲ್ಲ, ಬುದ್ಧಿವಂತರು ನಗುತ್ತಾರೆ. ನಗಲಿ. ಫೋನಿನಲ್ಲಿ ತಾನಾಗಿ ಕಟ್ಟಾಗುವ ಆರ್‌ಡಿಯನ್ನು (ತಿಂಗಳ ಕಂತಿನ ಠೇವಣಿ) ನಾನು ಎರಡು ಸಲ ನಿಲ್ಲಿಸಿದ್ದೇನೆ. ಆದರೆ ಸಂಜೆ ಆರೂವರೆಗೆ ಮಳೆಯಲ್ಲಿ ನೆನೆದುಕೊಂಡು ಬಾಗಿಲಿಗೆ ಬಂದ ಪಿಗ್ಮಿಯವನಿಗೆ "ಇವತ್ತು ಇಲ್ಲ" ಅನ್ನಲು ಬಾಯಿ ಬರುವುದಿಲ್ಲ. ಏಪ್ರಿಲ್‌ನಲ್ಲಿ ಮುಗಿಯುವ ಹಾಗೆ ಖಾತೆ ತೆರೆಯಿರಿ.

ಟ್ಯೂಷನ್ ಬಗ್ಗೆ: ಟೀಚರ ಹತ್ತಿರ ನೇರವಾಗಿ ಹೋಗಿ, ಸಂಬಳ ಕಡಿಮೆಯಾಗಿದೆ, ಗಣಿತ ಒಂದಕ್ಕೆ ಮಾತ್ರ ಕಳಿಸಲೇ ಎಂದು ಕೇಳಿ. ನನ್ನ ಮಗಳ ಟೀಚರು ಆ ವರ್ಷ ಅರ್ಧ ಫೀ ತೆಗೆದುಕೊಂಡರು, ಬದಲಿಗೆ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಇವಳನ್ನು ಕೂರಿಸಿಕೊಂಡರು. ಎಲ್ಲರೂ ಹಾಗಿರುವುದಿಲ್ಲ, ಆದರೆ ಕೇಳಲು ಖರ್ಚಿಲ್ಲ.

ಕೊನೆಗೆ ಈರುಳ್ಳಿ. ಬೇಸಿಗೆಯಲ್ಲಿ ಕುಮಟಾದ ಅಳ್ವೇಕೋಡಿ, ಹಂದಿಗೋಣ ಹತ್ತಿರ ಹೆದ್ದಾರಿ ಬದಿಗೆ ಎಲೆ ಸಮೇತ ಹೆಣೆದು ತೂಗುಹಾಕಿರುತ್ತಾರಲ್ಲ, ಆ ಸಿಹಿ ಈರುಳ್ಳಿ. ಬಸ್ಸಿಳಿದು ನಾಲ್ಕು ಕಡೆ ದರ ಕೇಳಿ, ಕುತ್ತಿಗೆ ಹತ್ತಿರ ಹಿಸುಕಿ ಗಟ್ಟಿ ಇದ್ದದ್ದನ್ನೇ ಆರಿಸಿ. ಅಡುಗೆಮನೆಯಲ್ಲಿ ಒಲೆಯ ಹೊಗೆ ಅಥವಾ ಗಾಳಿ ಆಡುವ ಕಡೆ ಗಳಕ್ಕೆ ಕಟ್ಟಿ, ನೆಲಕ್ಕೆ ಇಡಬೇಡಿ. ಮೊದಲ ಮಳೆಗೆ ಮುಂಚೆಯೇ ತನ್ನಿ, ನೀರು ಬಿದ್ದ ಗೊಂಚಲು ಹದಿನೈದು ದಿನವೂ ಬಾಳುವುದಿಲ್ಲ.