ಹಳೆ ಸಾಮಾನು, ಹೊಸ ಬಣ್ಣ: ಡಬ್ಬಿ ತೆರೆಯುವ ಮೊದಲು ಓದಿ

ಹಳೆ ಸಾಮಾನಿಗೆ ಬಣ್ಣ ಹಚ್ಚಿ ಮತ್ತೆ ಬಳಸುವ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ಪತ್ರಗಳು ಬಂದಿವೆ. ಯಾವ ಬಣ್ಣ ಕೊಳ್ಳಲಿ ಅಂತ ಕೇಳಿದವರೇ ಜಾಸ್ತಿ. ನಾನು ಮೊದಲು ಕೇಳುವುದು ಬೇರೆ: ಯಾವುದರ ಮೇಲೆ ಹಚ್ಚುತ್ತೀರಿ? ಗಾಜು, ಮರ, ಪ್ಲಾಸ್ಟಿಕ್, ತಗಡು, ಒಂದೊಂದರ ಸ್ವಭಾವ ಒಂದೊಂದು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದನ್ನು ಬಣ್ಣಕ್ಕಿಂತ ಮೊದಲು ಸ್ಯಾಂಡ್ ಪೇಪರಿಗೆ, ಪ್ರೈಮರಿಗೆ (ಬಣ್ಣ ಹಿಡಿಯಲೆಂದು ಅದರ ಅಡಿಗೆ ಹಚ್ಚುವ ಲೇಪ) ಹಾಕಿ. ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಖಾಲಿ ಗಾಜಿನ ಬಾಟಲಿಗಳ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಹೂವು, ಬಳ್ಳಿ ಬರೆದೆ. ನೋಡೋಕೆ ತುಂಬಾ ಚೆನ್ನಾಗಿತ್ತು. ಒಂದಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬಣ್ಣ ಪೊರೆಯಾಗಿ ಎದ್ದು ಬಂತು. ದುಬಾರಿ ಬಣ್ಣ ತರಬೇಕಿತ್ತಾ?

ಬೇಡ. ಗಾಜು ಏನನ್ನೂ ಹೀರಿಕೊಳ್ಳುವುದಿಲ್ಲ, ಬಣ್ಣ ಒಳಗೆ ಇಳಿಯದೆ ಮೇಲೆ ಕೂತಿರುತ್ತದೆ ಅಷ್ಟೇ. ನಡುವೆ ಬೆರಳಿನ ಎಣ್ಣೆಯೋ ಲೇಬಲ್ಲಿನ ಗೋಂದೋ ಉಳಿದಿದ್ದರೆ ಅದು ಹಿಡಿದುಕೊಳ್ಳುವುದೇ ಇಲ್ಲ. ಮೊದಲು ಬಾಟಲಿಯನ್ನು ಬಿಸಿ ನೀರಲ್ಲಿ ನೆನೆಸಿ ಲೇಬಲ್ ತೆಗೆಯಿರಿ. ಅಂಟು ಹೋಗದಿದ್ದರೆ ಅಡುಗೆ ಸೋಡಕ್ಕೆ ಸ್ವಲ್ಪ ಎಣ್ಣೆ ಕಲಸಿ ಉಜ್ಜಿ, ಆಮೇಲೆ ಆ ಎಣ್ಣೆಯೂ ಹೋಗುವ ಹಾಗೆ ಸೋಪು ಹಾಕಿ ತೊಳೆಯಿರಿ. ಇದನ್ನು ಮರೆಯುವವರು ಬಹಳ. ಪೂರ್ತಿ ಒಣಗಿದ ಮೇಲೆ ಹತ್ತಿಯಲ್ಲಿ ಸ್ಪಿರಿಟ್ (ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್) ತೆಗೆದುಕೊಂಡು ಇಡೀ ಮೈ ಒರೆಸಿ, ಅಲ್ಲಿಂದ ಮುಂದೆ ಬಾಟಲಿಯನ್ನು ಕತ್ತಿನಲ್ಲೇ ಹಿಡಿಯಿರಿ.

ಎರಡನೆಯದು, ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಕೈಗೆ ಅಂಟದಿದ್ದರೆ ಬಣ್ಣ ಒಣಗಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಗಾಜಿಗೆಂದೇ ಮಾರುವ ಅಕ್ರಿಲಿಕ್ ಎನಾಮೆಲ್ ಕೂಡ ಗಾಳಿಯಲ್ಲಿ ಪೂರ್ತಿ ಗಟ್ಟಿಯಾಗಲು ಮೂರು ವಾರದ ಹತ್ತಿರ ತೆಗೆದುಕೊಳ್ಳುತ್ತದೆ. ಕೆಲವನ್ನು ಓವನ್‌ನಲ್ಲಿಟ್ಟು ಗಟ್ಟಿ ಮಾಡಬಹುದು, ಬಿಸಿ ಎಷ್ಟಿರಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಓವನ್ ತಣ್ಣಗಿದ್ದಾಗಲೇ ಬಾಟಲಿ ಒಳಗಿಡಿ, ಆರಿಸಿದ ಮೇಲೆ ಅಲ್ಲೇ ತಣಿಯಲು ಬಿಡಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ಕುಡಿಯುವ ಲೋಟವಾದರೆ ತುಟಿ ತಾಗುವ ಅಂಚಿಗೆ, ಒಳಭಾಗಕ್ಕೆ ಬಣ್ಣ ಬೇಡವೇ ಬೇಡ.

ಪ್ರಶ್ನೆ: ಅಜ್ಜಿ ಕಾಲದ ಮರದ ಬೀರು ಒಂದಿದೆ. ಹೊರಗೆ ಕಪ್ಪಗೆ ಹೊಳೆಯುವ ವಾರ್ನಿಷ್, ಒಳಗೆ ಯಾವಾಗಲೋ ಹೊಡೆದ ನೀಲಿ ಬಣ್ಣ. ಅದಕ್ಕೆ ತಿಳಿ ಬಣ್ಣ ಹಚ್ಚಿ ಮಗುವಿನ ಕೋಣೆಯಲ್ಲಿ ಇಡುವ ಆಸೆ. ಚಾಕ್ ಪೇಂಟ್ (ಸೀಮೆಸುಣ್ಣದ ಹಾಗೆ ಹೊಳಪಿಲ್ಲದೆ ಕೂರುವ ಬಣ್ಣ) ಆದರೆ ಉಜ್ಜುವ ಕೆಲಸವೇ ಇಲ್ಲ ಅಂತಾರೆ, ಆದರೆ ಅದು ದುಬಾರಿ. ಮನೆಯಲ್ಲೇ ಮಾಡಬಹುದಾ? ಎಷ್ಟು ಬಣ್ಣ ಬೇಕು?

ಒಳಗಿನ ನೀಲಿ ಬಣ್ಣದ ಮಾತು ಮೊದಲು, ಯಾಕೆಂದರೆ ಮಗು ಇದೆ ಅಂದಿರಿ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ 1978ರಲ್ಲಿ ನಿಷೇಧಿಸಿತು. ಭಾರತದಲ್ಲಿ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಬಂದದ್ದು 2016ರ ನಿಯಮದಿಂದ. ಅಜ್ಜಿ ಕಾಲದ ಬಣ್ಣ ಅಂದರೆ ಸೀಸ ಇದೆ ಅಂತಲೇ ತಿಳಿದು ನಡೆದುಕೊಳ್ಳಿ. ಅದನ್ನು ಒಣದಾಗಿ ಉಜ್ಜಬೇಡಿ, ಬಿಸಿ ಗಾಳಿ ಹಾಯಿಸಿ ಕೆರೆಯಬೇಡಿ. ಆ ಧೂಳು ಮಕ್ಕಳ ಮೆದುಳಿಗೆ ಕೆಡುಕು, ಎಷ್ಟು ಕಡಿಮೆಯಾದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಚೆನ್ನಾಗಿ ಅಂಟುವ ಪ್ರೈಮರ್ ಹಚ್ಚಿ ಮುಚ್ಚಿಬಿಡಿ. ಹಕ್ಕಳೆ ಏಳುತ್ತಿದ್ದರೆ ಆ ಬೀರು ಮಗುವಿನ ಕೋಣೆಗೆ ಬೇಡ. ಎಷ್ಟೇ ಆಸೆ ಇದ್ದರೂ ಬೇಡ.

ಈಗ ಹೊರಭಾಗ. ಚಾಕ್ ಪೇಂಟ್ ಅನ್ನುವುದನ್ನು 1990ರಲ್ಲಿ ಆ್ಯನಿ ಸ್ಲೋನ್ ಎಂಬ ಬ್ರಿಟಿಷ್ ಕಲಾವಿದೆ ತಯಾರಿಸಿದರು, ಆ ಹೆಸರು ಅವರ ಕಂಪನಿಯದೇ. ಮನೆಯಲ್ಲಿ ಅದಕ್ಕೆ ಹತ್ತಿರದ್ದನ್ನು ಮಾಡಿಕೊಳ್ಳಬಹುದು. ಒಂದು ಅಳತೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ಒಂದು ಅಳತೆ ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಮೂರು ಅಳತೆ ಮ್ಯಾಟ್ ಎಮಲ್ಷನ್‌ಗೆ (ನೀರು ಬೆರೆಸಿ ಹಚ್ಚುವ, ಹೊಳಪಿಲ್ಲದ ಗೋಡೆ ಬಣ್ಣ) ಸೇರಿಸಿ. ಪುಡಿ ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಕಲಸಿದ್ದು ಹೊತ್ತು ಹೋದಂತೆ ಗಟ್ಟಿಯಾಗುತ್ತದೆ, ಹಾಗಾಗಿ ಅವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ, ಉಳಿದದ್ದನ್ನು ಮಾತ್ರ ದಯವಿಟ್ಟು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೇ ಕಲ್ಲಾಗುತ್ತದೆ.

ಆದರೆ ನಿಮ್ಮ ಬೀರುವಿಗೆ ನಾನು ಇದನ್ನು ಹೇಳುವುದಿಲ್ಲ. ಕಾರಣ ಎರಡು. ಕಪ್ಪು ವಾರ್ನಿಷ್ಷಿನ, ಹಳೆ ಮರದ ಕಂದು ಬಣ್ಣ ತಿಳಿ ಬಣ್ಣದ ಮೂಲಕ ಮೇಲೆ ಬರುತ್ತದೆ. ಎಷ್ಟು ಕೋಟ್ ಹಾಕಿದರೂ ಹಳದಿ ಕಲೆ ಮತ್ತೆ ಮೂಡುತ್ತಲೇ ಇರುತ್ತದೆ. ಇದನ್ನು ತಡೆಯುವುದು ಶೆಲ್ಯಾಕ್ ಪ್ರೈಮರ್, ಅರಗಿನಿಂದ ಮಾಡಿದ್ದು, ಹೊಳೆಯುವ ಮೈಗೂ ಅದು ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು, ಮನೆಯಲ್ಲಿ ಕಲಸಿದ ಚಾಕ್ ಪೇಂಟ್ ಮೇಲೆ ವ್ಯಾಕ್ಸೋ ವಾರ್ನಿಷ್ಷೋ ಹಚ್ಚದಿದ್ದರೆ ಕೈ ತಾಗಿದಲ್ಲೆಲ್ಲ ಕೊಳೆ ಹಿಡಿಯುತ್ತದೆ. ಆ ಖರ್ಚು ಹೇಗೂ ಇದೆ ಅಂದಮೇಲೆ ಸಾದಾ ದಾರಿಯೇ ಮೇಲು.

ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. 120 ಅಥವಾ 150 ನಂಬರಿನ ಸ್ಯಾಂಡ್ ಪೇಪರಿನಿಂದ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ವಾರ್ನಿಷ್ ಪೂರ್ತಿ ತೆಗೆಯುವುದು ಬೇಕಾಗಿಲ್ಲ, ಹೊಳಪು ಸತ್ತರೆ ಸಾಕು. (ವಾರ್ನಿಷ್ ಅಡಿಯಲ್ಲಿ ಹಳೆ ಬಣ್ಣ ಇಣುಕಿದರೆ ಅಲ್ಲೇ ನಿಲ್ಲಿಸಿ, ಮೇಲೆ ಹೇಳಿದ ಕಾರಣಕ್ಕೆ.) ಧೂಳು ಒರೆಸಿ, ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ 220 ನಂಬರಿನಿಂದ ಮೆಲ್ಲಗೆ ಒಂದು ಸಲ ಸವರಿ, ಆಮೇಲೆ ಬಣ್ಣ, ತೆಳುವಾಗಿ ಎರಡು ಕೋಟ್. ದಪ್ಪಗೆ ಒಂದೇ ಸಲ ಹಚ್ಚಿದರೆ ಇಳಿಯುತ್ತದೆ, ಒಳಗೆ ಒಣಗುವುದೂ ಇಲ್ಲ.

ಲೆಕ್ಕ ಸುಲಭ. ನಯವಾದ ಮೈಗೆ ಒಂದು ಲೀಟರ್ ಬಣ್ಣ ಒಂದು ಕೋಟಿಗೆ ಸುಮಾರು 10 ಚದರ ಮೀಟರ್ ಬರುತ್ತದೆ. ಬೀರು 1.8 ಮೀಟರ್ ಎತ್ತರ, 0.9 ಅಗಲ, 0.45 ಆಳ ಇದ್ದರೆ ಮುಂಭಾಗ, ಎರಡು ಪಕ್ಕ, ನೆತ್ತಿ ಸೇರಿ 4 ಚದರ ಮೀಟರಿಗೂ ಸ್ವಲ್ಪ ಕಡಿಮೆ. ಎರಡು ಕೋಟಿಗೆ ಒಂದು ಲೀಟರ್ ಧಾರಾಳ. ದೊಡ್ಡ ಡಬ್ಬಿ ಅಗ್ಗ ಅಂತ ಹೇಳಿ ಮಾರಿದರೆ ತರಬೇಡಿ. ಇನ್ನೊಂದು ವಿಷಯ, ಗಿರಾಕಿ ಬೇಡ ಅಂತ ಬಿಟ್ಟುಹೋದ, ತಪ್ಪಾಗಿ ಬೆರೆತ ಬಣ್ಣದ ಡಬ್ಬಿಗಳು ಬಣ್ಣದ ಅಂಗಡಿಗಳಲ್ಲಿ ಉಳಿದಿರುತ್ತವೆ, ಕೇಳಿದರೆ ಕಡಿಮೆಗೆ ಕೊಡುವವರಿದ್ದಾರೆ.

ಬಣ್ಣ ಆದ ಮೇಲೆ ಬಾಗಿಲುಗಳನ್ನು ಕೆಲವು ದಿನ ತೆರೆದೇ ಇಡಿ. ಎಮಲ್ಷನ್ ಹಚ್ಚಿದ ಎರಡು ಅಂಚು ಬೇಗ ಒಂದಕ್ಕೊಂದು ತಾಗಿದರೆ ಅಂಟಿಕೊಂಡು, ತೆಗೆಯುವಾಗ ಕಿತ್ತು ಬರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಅಡುಗೆಮನೆಯ ಹಳೆ ಪ್ಲಾಸ್ಟಿಕ್ ಡಬ್ಬಗಳಿಗೆ ಒಂದೇ ಬಣ್ಣ ಹೊಡೆದು ಸಾಲಾಗಿ ಜೋಡಿಸಬೇಕು ಅಂತಿದ್ದೇನೆ. ಸ್ಪ್ರೇ ಪೇಂಟ್ ಸರಿಯಾ?

ಡಬ್ಬದ ತಳ ನೋಡಿ. ತ್ರಿಕೋನದೊಳಗೆ 2, 4 ಅಥವಾ 5 ಇದ್ದರೆ ಅದು ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್. ಯಾವ ಬಣ್ಣವೂ ಅದರ ಮೇಲೆ ಸುಲಭವಾಗಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಸಿಗುತ್ತದೆ, ಆದರೆ ದಿನಾ ಕೈ ತಾಗುವ, ತೊಳೆಯುವ ಡಬ್ಬಕ್ಕೆ ಆ ಖರ್ಚು ದಂಡ. ಹಳೆ ಸೀರೆಯ ಅಂಚೋ ದಪ್ಪ ಕಾಗದವೋ ಸುತ್ತಿ. ಬೇಸರವಾದರೆ ಬದಲಿಸಲೂಬಹುದು.

ಸ್ಪ್ರೇ ಎಲ್ಲಿ ಬಳಸಿದರೂ ಬಯಲಲ್ಲಿ ಬಳಸಿ. ಎನ್ 95 ಮಾಸ್ಕ್ ಹನಿಯನ್ನು, ಧೂಳನ್ನು ತಡೆಯುತ್ತದೆ, ಥಿನ್ನರ್ ಆವಿಯನ್ನು ತಡೆಯುವುದಿಲ್ಲ.

ಪ್ರಶ್ನೆ: ರಜೆಯಲ್ಲಿ ನಾಲ್ಕು ವರ್ಷದ ಮಗ, ಒಂಬತ್ತರ ಮಗಳು ಇಬ್ಬರೂ ಮನೆಯಲ್ಲಿ. ಇಬ್ಬರಿಗೂ ಆಗುವ, ದುಡ್ಡು ಬೇಡದ ಕೆಲಸ ಹೇಳಿ. ಹಳೆ ಟೀಶರ್ಟುಗಳ ರಾಶಿ ಇದೆ.

ಟೀಶರ್ಟ್ ಇದೆಯಲ್ಲ, ಮಗಳಿಗೆ ಅದೇ ಸಾಕು. ತೋಳಿನ ಕೆಳಗಿನಿಂದ ಅಡ್ಡ ಕತ್ತರಿಸಿ, ಕೆಳಗಿನ ಹೊಲಿಗೆಯ ಅಂಚು ತೆಗೆದುಬಿಟ್ಟರೆ ಒಂದು ಬಟ್ಟೆಯ ಕೊಳವೆ ಸಿಗುತ್ತದೆ. ಅದನ್ನು 2.5 ಸೆಂಟಿಮೀಟರ್ ಅಗಲಕ್ಕೆ ಸುರುಳಿಯಾಗಿ ಸುತ್ತುತ್ತಾ ಕತ್ತರಿಸಿದರೆ ಗಂಟೇ ಇಲ್ಲದ ಒಂದೇ ಉದ್ದದ ಪಟ್ಟಿ. ಎಳೆದರೆ ಅಂಚು ಒಳಗೆ ಸುರುಳಿಕೊಂಡು ದಪ್ಪ ನೂಲಾಗುತ್ತದೆ. ಇಂಥ ಮೂರು ನೂಲು ಸೇರಿಸಿ ಜಡೆ ಹೆಣೆದು, ಆ ಜಡೆಯನ್ನು ಚಪ್ಪಟೆಯಾಗಿ ಸುತ್ತಿ ಸುತ್ತಿ ಪಕ್ಕಕ್ಕೆ ಹೊಲಿದರೆ ಕಾಲೊರೆಸು. ಹೊಲಿಯುವಾಗ ನೆಲದ ಮೇಲೆ ಮಟ್ಟಸ ಇಟ್ಟುಕೊಳ್ಳಲಿ, ಕೈಯಲ್ಲಿ ಹಿಡಿದು ಬಿಗಿದರೆ ಬಟ್ಟಲ ಹಾಗೆ ಮೇಲೆದ್ದುಬಿಡುತ್ತದೆ. ನಡುವೆ ಹೊಲಿಗೆ ಬಿಟ್ಟು ಎದ್ದುಹೋದರೂ ಬಿಡಿ, ಇದು ಯಾವಾಗ ಬೇಕಾದರೂ ಮುಂದುವರಿಸಬಹುದಾದ ಕೆಲಸ.

ಬಟ್ಟೆ ಮೇಲೆ ಬಣ್ಣ ಹಾಕುವ ಆಸೆ ಇದ್ದರೆ ಹತ್ತಿ ಬಟ್ಟೆ ಆರಿಸಿ, ಮೊದಲು ಒಗೆಯಿರಿ, ಆದರೆ ಬಟ್ಟೆ ಮೆದುವಾಗಿಸುವ ದ್ರವ ಹಾಕಬೇಡಿ. ಎರಡು ಪದರದ ನಡುವೆ ರಟ್ಟು ತೂರಿಸಿ. ಸಾದಾ ಅಕ್ರಿಲಿಕ್ ಬಟ್ಟೆಗೆ ಹತ್ತುತ್ತದೆ, ಆದರೆ ಬಿರುಸಾಗುತ್ತದೆ. ಚೀಲಕ್ಕೆ ಅದು ನಡೆಯುತ್ತದೆ, ತೊಡುವ ಅಂಗಿಗೆ ಚುಚ್ಚುತ್ತದೆ. ಬಟ್ಟೆಗೆಂದು ಅಕ್ರಿಲಿಕ್‌ಗೆ ಸೇರಿಸುವ ಫ್ಯಾಬ್ರಿಕ್ ಮೀಡಿಯಂ ಅನ್ನುವ ದ್ರವ ಬೆರೆಸಿದರೆ ಮೆದುವಾಗಿ ಉಳಿಯುತ್ತದೆ. ಒಂದು ದಿನ ಒಣಗಲು ಬಿಟ್ಟು, ಹಿಂಬದಿಯಿಂದ ಹಬೆ ಇಲ್ಲದ ಇಸ್ತ್ರಿ ಹಾಕಿದರೆ ಒಗೆತಕ್ಕೆ ತಡೆಯುತ್ತದೆ. ಇಸ್ತ್ರಿ ಮಾತ್ರ ನೀವೇ ಹಾಕಿ.

ನಾಲ್ಕರವನಿಗೆ ಎಲೆಯ ಅಚ್ಚು. ಎಲೆಯ ಹಿಂಬದಿ ನರ ಎದ್ದಿರುತ್ತದೆ, ಅಲ್ಲಿ ಬಣ್ಣ ಸವರಿ ಕಾಗದಕ್ಕೆ ಒತ್ತಿದರೆ ಆಯಿತು. ರಟ್ಟಿನ ಮೇಲೆ ಅಂಟುಪಟ್ಟಿಯಲ್ಲಿ ಅವನ ಹೆಸರಿನ ಅಕ್ಷರ ಹಚ್ಚಿಕೊಡಿ. ಅವನು ಮೇಲೆಲ್ಲ ಬಣ್ಣ ಬಳಿಯಲಿ, ಬಣ್ಣ ಹಸಿ ಇರುವಾಗಲೇ ಪಟ್ಟಿ ಎಳೆದರೆ ಹೆಸರು ಬೆಳ್ಳಗೆ ಉಳಿಯುತ್ತದೆ. ಆ ಕ್ಷಣದ ಮುಖ ನೋಡಬೇಕು ನೀವು. ಮಕ್ಕಳಿಗೆಂದೇ ಇರುವ, ತೊಳೆದರೆ ಹೋಗುವ ಬಣ್ಣ ಮಾತ್ರ ಕೊಡಿ. ಗೋಡೆಗೆ ಹೊಡೆದು ಉಳಿದ ಪೇಂಟನ್ನು ಉಳಿತಾಯ ಅಂತ ಚಿಕ್ಕವರ ಕೈಗೆ ಕೊಡುವುದು ಬೇಡ.

ಪ್ರಶ್ನೆ: ಅರ್ಧರ್ಧ ಉಳಿದ ಬಣ್ಣದ ಡಬ್ಬಿಗಳು ತುಂಬಾ ಇವೆ. ಎಲ್ಲ ಬೆರೆಸಿ ಒಂದು ಬಣ್ಣ ಮಾಡಿಕೊಳ್ಳಬಹುದಾ?

ನೀರಿನ ಬಣ್ಣಕ್ಕೆ (ಎಮಲ್ಷನ್, ಅಕ್ರಿಲಿಕ್‌ನಂಥದ್ದು) ನೀರಿನ ಬಣ್ಣ, ಆಯಿಲ್ ಪೇಂಟಿಗೆ ಆಯಿಲ್ ಪೇಂಟ್. ಇವೆರಡನ್ನು ಬೆರೆಸಿದರೆ ಒಡೆದು ಗಂಟುಗಂಟಾಗುತ್ತದೆ. ಮುಚ್ಚಳ ತೆಗೆದಾಗ ಹುಳಿ ಹುಳಿ, ಕೊಳೆತ ವಾಸನೆ ಬಂದರೆ ಎಸೆಯುವುದೇ ಸರಿ. ಮೇಲೆ ಕೆನೆ ಕಟ್ಟಿದ್ದರೆ ಅದನ್ನು ಎತ್ತಿ ತೆಗೆದು, ಹಳೆ ಕಾಲುಚೀಲದಂಥ ತೆಳು ಬಟ್ಟೆಯಲ್ಲಿ ಸೋಸಿ. ತಿಳಿ ಬಣ್ಣಕ್ಕೆ ಗಾಢ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ತಿರುಗಾಮುರುಗಾ ಮಾಡಿದರೆ ಬಕೆಟ್ ತುಂಬಿದರೂ ಬೇಕಾದ ಬಣ್ಣ ಬರುವುದಿಲ್ಲ. ಇಡೀ ಕೆಲಸಕ್ಕೆ ಬೇಕಾದಷ್ಟನ್ನು ಒಟ್ಟಿಗೇ ಬೆರೆಸಿಕೊಳ್ಳಿ, ನಡುವೆ ಮುಗಿದರೆ ಅದೇ ಬಣ್ಣ ಇನ್ನೊಮ್ಮೆ ಸಿಗದು. ಉಳಿದದ್ದನ್ನು ಚರಂಡಿಗೆ ಸುರಿಯಬೇಡಿ. ನೀರಿನ ಬಣ್ಣವಾದರೆ ಮರದ ಹೊಟ್ಟು ಬೆರೆಸಿ ಗಟ್ಟಿಯಾಗಲು ಬಿಟ್ಟು ಆಮೇಲೆ ವಿಲೇವಾರಿ ಮಾಡಿ.

ಮೊದಲು ಹಚ್ಚಿರುವ ಬಣ್ಣ ಯಾವುದು ಅಂತ ಗೊತ್ತಿಲ್ಲದಿದ್ದರೆ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಬಂದರೆ ನೀರಿನದು, ಬರದಿದ್ದರೆ ಬಹುತೇಕ ಆಯಿಲ್. ಆಯಿಲ್ ಮೇಲೆ ನೀರಿನ ಬಣ್ಣ ಹಚ್ಚಬೇಕಾದರೆ ನಡುವೆ ಪ್ರೈಮರ್ ಬೇಕೇ ಬೇಕು.

ಪ್ರಶ್ನೆ: ತಗಡಿನ ಡಬ್ಬಿಗಳಲ್ಲಿ ಗಿಡ ಇಡಲು ತಳಕ್ಕೆ ತೂತು ಹೊಡೆದರೆ ಡಬ್ಬಿಯೇ ನಗ್ಗುತ್ತದೆ.

ನೀರು ತುಂಬಿಸಿ ಫ್ರೀಜರಿನಲ್ಲಿಡಿ. ಗಟ್ಟಿ ಮಂಜುಗಡ್ಡೆಯಾದ ಮೇಲೆ ಬೋರಲು ಹಾಕಿ, ಮೊಳೆ ಇಟ್ಟು ಹೊಡೆಯಿರಿ, ನಗ್ಗುವುದಿಲ್ಲ. ಪಕ್ಕಕ್ಕೆ ಚಿತ್ತಾರದ ತೂತು ಹೊಡೆಯಲೂ ಇದೇ ಉಪಾಯ. ಬಾಯಿಯ ಅಂಚನ್ನು ಅರದಿಂದ ಉಜ್ಜಿ. ತುಕ್ಕು ಇದ್ದರೆ ವಿನೆಗರಿನಲ್ಲಿ ನೆನೆಸಿ ಉಜ್ಜಿ, ತೊಳೆದ ಕೂಡಲೇ ಒಣಗಿಸಿ, ತಡ ಮಾಡದೆ ಲೋಹದ ಪ್ರೈಮರ್ ಹಚ್ಚಿ.

ಪ್ರಶ್ನೆ: ಸಾಮಾನು ಸಾಗಿಸುವ ಮರದ ಪ್ಯಾಲೆಟ್ ಬಿಟ್ಟಿ ಸಿಕ್ಕಿದೆ. ಅದರಿಂದ ಪುಸ್ತಕದ ಕಪಾಟು ಮಾಡಿ, ಬಣ್ಣ ಬೇಡ, ಮರದ ಬಣ್ಣವೇ ಇರಲಿ ಅಂತ ಮನೆಯವರ ಆಸೆ.

ಒಳ್ಳೆ ಆಸೆ. ಪಕ್ಕದಲ್ಲಿ ಸುಟ್ಟು ಒತ್ತಿದ ಮುದ್ರೆ ಹುಡುಕಿ. ಎಚ್‌ಟಿ ಅಂತಿದ್ದರೆ ಹುಳ ಸಾಯಲೆಂದು ಮರವನ್ನು ಬಿಸಿ ಮಾಡಿದ್ದಾರೆ, ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕು ಅನ್ನುವುದು ಅಂತಾರಾಷ್ಟ್ರೀಯ ನಿಯಮ. ಅದನ್ನು ಬಳಸಿ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು, ಬಿಟ್ಟುಬಿಡಿ. ಮುದ್ರೆಯೇ ಇಲ್ಲದ್ದು, ಎಣ್ಣೆಯೋ ರಾಸಾಯನಿಕವೋ ಚೆಲ್ಲಿ ಕಲೆಯಾದದ್ದು ಕೂಡ ಮನೆಯೊಳಗೆ ಬೇಡ. ಮೊಳೆಗಳನ್ನೆಲ್ಲ ತೆಗೆದ ಮೇಲೆಯೇ ಗರಗಸ ಹಿಡಿಯಿರಿ.

ಮರದ ಬಣ್ಣ ಉಳಿಸಲು ಅಗಸೆ ಎಣ್ಣೆ ಚೆನ್ನ. ಬಟ್ಟೆಯಲ್ಲಿ ತೆಳುವಾಗಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿ ತಾಗಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಬಿಡಿಸಿ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ. ಹರವಲು ಜಾಗವಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿಸಿ ಅದರಲ್ಲಿ ಮುಳುಗಿಸಿಡಿ.