ಮಗನಿಗೆ ಡೈನೋಸಾರ್ ಸ್ಟಾಂಪಿನ ಹುಚ್ಚು. ಬಿಡಿ ಸ್ಟಾಂಪು ಕೊಡಿಸಲೋ, ಲಕೋಟೆ ಸಮೇತ ಕೊಡಿಸಲೋ? ಮುಂದೆ ಯಾವುದಕ್ಕೆ ಬೆಲೆ ಬರುತ್ತದೆ?

ಹಳೆ ಲಕೋಟೆಗಳ ಸ್ಟಾಂಪನ್ನು ನೀರಲ್ಲಿ ನೆನೆಸಿ ಬಿಡಿಸಬಹುದಾ ಅಂತಲೂ ಕೇಳಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

1994ರಲ್ಲಿ ನಾನು ಕೋಲಾರದಲ್ಲಿ ಏಳನೇ ಕ್ಲಾಸು. ನಿಮ್ಮ ಮಗನಿಗಿರುವ ಹುಚ್ಚೇ ನನಗೂ. ಬಬಲ್‌ಗಮ್ ಜೊತೆ ಬರುತ್ತಿದ್ದ ಡೈನೋಸಾರ್ ಚಿತ್ರಗಳು ಮುಗಿದ ಮೇಲೆ ಸ್ಟಾಂಪಿಗೆ ಇಳಿದಿದ್ದೆ. ನಮ್ಮ ತಾತ ಕೆ.ಜಿ.ಎಫ್. ಗಣಿಯಲ್ಲಿದ್ದವರು. ಮದುವೆಯಾದ ಹೊಸದರಲ್ಲಿ, ಮುಳಬಾಗಿಲ ಕಡೆಯ ತವರಲ್ಲಿದ್ದ ಅಜ್ಜಿಗೆ ಅವರು ಬರೆದ ಕಾಗದಗಳೆಲ್ಲ ಒಂದು ತಗಡಿನ ಟ್ರಂಕಿನಲ್ಲಿದ್ದವು. "ಕಾಗದ ಮುಟ್ಟಬೇಡ, ಲಕೋಟೆ ಬೇಕಾದ್ರೆ ತಗೋ" ಅಂದರು ಅಜ್ಜಿ. ಕೆದಕಿದರೆ ಒಂದರ ಮೇಲೆ ಎರಡು ವಿಚಿತ್ರ ಆನೆಗಳ ಸ್ಟಾಂಪು, ಎರಡಾಣೆಯದು. ನೆಲ ಮುಟ್ಟುವಂಥ ಉದ್ದುದ್ದ ದಂತ.

ಅದು ಸ್ಟೆಗೊಡಾನ್ ಗಣೇಶ. ಶಿವಾಲಿಕ್ ಬೆಟ್ಟಗಳಲ್ಲಿ ಪಳೆಯುಳಿಕೆ ಸಿಕ್ಕಿದ, ಆನೆಗಳ ದೂರದ ನೆಂಟ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ನೂರು ತುಂಬಿದಾಗ, 1951ರ ಜನವರಿಯಲ್ಲಿ ನಮ್ಮ ಅಂಚೆಯವರು ತಂದದ್ದು. ಡೈನೋಸಾರ್ ಇರುವ ಜಗತ್ತಿನ ಮೊದಲ ಸ್ಟಾಂಪು ಚೀನಾದಲ್ಲಿ ಬಂದದ್ದೇ 1958ರಲ್ಲಿ, ಅಂದರೆ ನಮ್ಮ ಗಣೇಶ ಏಳು ವರ್ಷ ಮುಂದಿದ್ದ. ಇದ್ಯಾವುದೂ ನನಗಾಗ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ಸ್ಟಾಂಪು ಆಲ್ಬಮ್ಮಿಗೆ ಹೋಗಬೇಕು, ಲಕೋಟೆ ಕಸ.

ಅಜ್ಜಿಯ ಇಡ್ಲಿ ಪಾತ್ರೆಯಲ್ಲಿ ಬಿಸಿನೀರು ಹಾಕಿ ಮುಳುಗಿಸಿದೆ. ಗೋಂದು ಬಿಟ್ಟಿತು, ಸ್ಟಾಂಪು ತೇಲಿತು. ಪೇಪರಿನ ಮೇಲೆ ಒಣಗಿಸಿ ಅನ್ನದ ಅಗುಳಲ್ಲಿ ನೋಟ್‌ಬುಕ್ಕಿಗೆ ಅಂಟಿಸಿದೆ. (ಅಗುಳು! ಅದೊಂದು ಬೇರೆ ಪಾಪ, ಇರಲಿ.)

ನಾನು ಕಳೆದದ್ದೇನು ಅಂತ ಬಿಡಿಸಿ ಹೇಳಬೇಕು, ಯಾಕಂದ್ರೆ ನಿಮ್ಮ ಪ್ರಶ್ನೆಯ ಉತ್ತರ ಇಲ್ಲೇ ಇದೆ. ಪೋಸ್ಟಾಫೀಸಿನ ಠಸ್ಸೆ ಸ್ಟಾಂಪಿನ ಮೇಲಷ್ಟೇ ಬೀಳುವುದಿಲ್ಲ. ಅರ್ಧ ಸ್ಟಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳುತ್ತದೆ. ಆ ದುಂಡು ಮುದ್ರೆಯಲ್ಲಿ ಇಂಗ್ಲಿಷಿನಲ್ಲಿ ಊರಿಗಾಂ ಅಂತಿತ್ತು. ಊರಿಗಾಂ ಅಂದ್ರೆ ಕೆ.ಜಿ.ಎಫ್‌.ನ ಗಣಿ ಪೇಟೆ. ಸ್ಟಾಂಪಿನ ಮೇಲೆ ಉಳಿದದ್ದು ಆ ಹೆಸರಿನ ಕೊನೆಯ ಮೂರಕ್ಷರ. ಮಿಕ್ಕ ಅಕ್ಷರ, ತಾರೀಕು, ತಿಂಗಳು ಎಲ್ಲಾ ಲಕೋಟೆಯ ಕಡೆ. ಲಕೋಟೆಯ ಹಿಂದುಗಡೆ ಮುಳಬಾಗಿಲಿನ ಮುದ್ರೆಯೂ ಇತ್ತು, ಕಾಗದ ಬಂದು ಮುಟ್ಟಿದ ದಿನದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಾತನ ಕಾಗದ ಎಷ್ಟು ದಿನಕ್ಕೆ ಅಜ್ಜಿಯ ಕೈ ಸೇರಿತು ಅಂತ ಲೆಕ್ಕ ಹಾಕಬಹುದಿತ್ತು. ಇನ್ನೊಂದು ನೋಡಿ: ಸ್ಟಾಂಪು ಭೂವಿಜ್ಞಾನದವರದ್ದು, ಠಸ್ಸೆ ಚಿನ್ನದ ಗಣಿ ಊರಿನದ್ದು, ಬರೆದವರು ಗಣಿಯವರು. ಮೂರೂ ಒಂದೇ ಲಕೋಟೆಯ ಮೇಲೆ ಕೂತಿದ್ದವು. ನಾನು ಅದನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ.

ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ಸ್ಟಾಂಪು ತೋರಿಸಿದೆ. ಭೂತಗಾಜು ಹಿಡಿದು ಆ ಮೂರಕ್ಷರ ನೋಡಿ, "ಲಕೋಟೆ ಎಲ್ಲಪ್ಪ?" ಅಂದರು. ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. "ಅವತ್ತೇ ನೀರೊಲೆಗೆ ಹಾಕ್ದೆ ಕಣೋ, ಒಣಗಿದ್ಮೇಲೆ ಚೆನ್ನಾಗಿ ಹತ್ಕೊಂತು."

ಹಾಗಾಗಿ ಬಿಡಿ ಸ್ಟಾಂಪಾ ಲಕೋಟೆಯಾ ಅನ್ನುವ ಚರ್ಚೆಯೇ ನನಗಿಲ್ಲ. ಲಕೋಟೆ. ಅಂಚೆಯಲ್ಲಿ ನಿಜಕ್ಕೂ ಓಡಾಡಿ ಬಂದ ಲಕೋಟೆ. 'ನೂರು ಬಗೆಯ ಡೈನೋಸಾರ್' ಅಂತ ಮಾರುವ ಪೊಟ್ಟಣ ಕೊಡಿಸಲೇಬೇಡಿ. ಅದರಲ್ಲಿ ಬರುವ ಹಳೇ ಪೋಲೆಂಡ್, ಮಂಗೋಲಿಯಾ ಸ್ಟಾಂಪುಗಳಲ್ಲಿ ಒಂದನ್ನು ತಿರುಗಿಸಿ ನೋಡಿ: ಮುಂದೆ ಮೂಲೆಯಲ್ಲಿ ಅಚ್ಚುಕಟ್ಟಾದ ಠಸ್ಸೆ, ಹಿಂದೆ ಗೋಂದು ಹಾಗೇ ಇರುತ್ತೆ. ಒಂದು ಕಾಗದವನ್ನೂ ಹೊತ್ತದ್ದಲ್ಲ, ಸಂಗ್ರಾಹಕರಿಗೆ ಮಾರಲಿಕ್ಕೆಂದೇ ಹಾಳೆಗಟ್ಟಲೆ ಮುದ್ರೆ ಒತ್ತಿದ್ದು. ಚಿತ್ರ ಚೆನ್ನಾಗಿರುತ್ತೆ, ಒಪ್ಪಿದೆ. ಚಿತ್ರವೇ ಸಾಕಾದರೆ ಪುಸ್ತಕ ಕೊಡಿಸಿ.

ಇನ್ನು ಬೆಲೆಯ ಮಾತು. ಸ್ಟಾಂಪು ಚೀಟಿ ಹಾಕಿದ ಹಾಗಲ್ಲ ಸ್ವಾಮಿ. ದುಡ್ಡು ಬೆಳೀಬೇಕಂದ್ರೆ ಬ್ಯಾಂಕಿಗೆ ಹೋಗಿ. ಆದರೂ ದುಡ್ಡೇ ಬೇಕು ಅಂದರೆ, ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನವಿದೆ, ಕ್ವಿಜ್ ಮತ್ತು ಪ್ರಾಜೆಕ್ಟ್ ಮೇಲೆ ಆರಿಸುತ್ತಾರೆ. ಮಗನ ಹೆಸರಲ್ಲಿ ಅಂಚೆಚೀಟಿ ಠೇವಣಿ ಖಾತೆ ತೆರೆದರೆ ಹೊಸ ಸ್ಟಾಂಪು, ಮೊದಲ ದಿನದ ಲಕೋಟೆ (ಸ್ಟಾಂಪು ಬಿಡುಗಡೆಯಾದ ದಿನದ ಠಸ್ಸೆ ಬಿದ್ದದ್ದು) ಮನೆಗೇ ಬರುತ್ತವೆ.

ಶುರು ಮಾಡೋಕೆ 1997ರ ನಾಲ್ಕು ಸ್ಟಾಂಪುಗಳ ಲಕೋಟೆ ಹುಡುಕಿ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಚಿನ್ನದ ಹಬ್ಬಕ್ಕೆ ಬಂದ ಸಸ್ಯ ಪಳೆಯುಳಿಕೆಗಳು. ಡೈನೋಸಾರ್ ಇಲ್ಲ ಅಂತ ಹುಡುಗ ಮುಖ ಗಂಟಿಕ್ಕಬಹುದು. ಆಗ ಅಮೆರಿಕದ 1989ರ ನಾಲ್ಕು ಡೈನೋಸಾರ್ ಸ್ಟಾಂಪು ತೋರಿಸಿ, ಇದರಲ್ಲಿ ತಪ್ಪು ಹುಡುಕು ಅನ್ನಿ. ಟೆರನೊಡಾನ್ ಹಾರುವ ಸರೀಸೃಪ, ಡೈನೋಸಾರ್ ಅಲ್ಲವೇ ಅಲ್ಲ. ಬ್ರಾಂಟೊಸಾರಸ್ ಅನ್ನುವ ಹೆಸರಿನ ಮೇಲೂ ಆಗ ದೊಡ್ಡ ಗಲಾಟೆಯಾಗಿತ್ತು.

ಹಾಂ, ಅವನು ಗುದ್ದಲಿ ಹಿಡಿದು ನಮ್ಮ ಕೋಲಾರದ ಬಂಡೆ ಅಗೆಯಲು ಹೊರಟರೆ ತಡೆಯಿರಿ. ನಮ್ಮ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ. ಡೈನೋಸಾರ್ ಬಂದದ್ದು ಬರೀ 23 ಕೋಟಿ ವರ್ಷದ ಹಿಂದೆ.

ಆ ಆನೆ ಸ್ಟಾಂಪು ನನಗೆ ಆಮೇಲೆ ನಾಲ್ಕಾರು ಸಲ ಸಿಕ್ಕಿದೆ, ಅಗ್ಗಕ್ಕೇ. ಊರಿಗಾಂ ಠಸ್ಸೆ ಬಿದ್ದ ಲಕೋಟೆಯ ಮೇಲೆ ಮಾತ್ರ ಇವತ್ತಿನವರೆಗೂ ಕಂಡಿಲ್ಲ. ನಿಮ್ಮ ಮನೆಯ ಹಳೆ ಲಕೋಟೆಗಳಲ್ಲಿ ಅಂಥದ್ದೇನಾದರೂ ಇದ್ದರೆ ನೀರು, ಕತ್ತರಿ ಎರಡನ್ನೂ ದೂರ ಇಡಿ. ಮೊದಲು ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ಇಲ್ಲಿ ಹಾಕಿ.